ಚಿಕ್ಕ ಗಡಿಯಾರದ ಹತ್ತಿರ ಇಳಿದ ಮೇಲೆ

ಬೆಳಗ್ಗೆ ಆರೂಮುಕ್ಕಾಲು. ಮೈಸೂರಿನ ಚಿಕ್ಕ ಗಡಿಯಾರದ ಬಳಿ ನಿಂತು ಮೊಬೈಲ್ ಕ್ಯಾಮೆರಾದ ಗಾಜನ್ನು ಕರ್ಚೀಫಿನಿಂದ ಒರೆಸುತ್ತಿದ್ದೇನೆ. ಹೂವಿನ ಮೂಟೆ ಹೊತ್ತವರೊಬ್ಬರು ‘ಜರುಗಿ ಸಾರ್’ ಎನ್ನುತ್ತಾ ಪಕ್ಕದಲ್ಲೇ ಹಾದುಹೋದರು. ಅವರ ಹಿಂದೆಯೇ ದವನದ ವಾಸನೆಯೂ ಹಾದುಹೋಯಿತು.

ಇವತ್ತಿನ ಕೆಲಸ ಇಷ್ಟು: ಇಲ್ಲಿಂದ ದೇವರಾಜ ಮಾರುಕಟ್ಟೆಯನ್ನು ಹೊಕ್ಕು, ಆಚೆ ಬದಿಯ ಓಣಿಯಲ್ಲಿರುವ ಒಂದು ಗ್ರಂಧಿಗೆ ಅಂಗಡಿ ಮುಟ್ಟುವವರೆಗಿನ ದಾರಿಯನ್ನು ಫೋಟೊದಲ್ಲಿ ಹಿಡಿಯುವುದು. ಆನ್‌ಲೈನ್ ನಕ್ಷೆ ನೋಡಿಕೊಂಡು ಬರುವ ಅಪರಿಚಿತರೊಬ್ಬರಿಗೆ ಉಪಯೋಗವಾಗುವ ಹಾಗೆ ಹಿಡಿಯುವುದು. ಅಪರಿಚಿತರು ಎಂದೆನಾದರೂ ನನ್ನ ಮನಸ್ಸಿನಲ್ಲಿರುವವರು ನನ್ನ ದೊಡ್ಡಮ್ಮ. ಎಪ್ಪತ್ತಾರು ದಾಟಿದೆ, ಎರಡೂ ಮಂಡಿ ನೋವು, ಕೈಯಲ್ಲಿ ಕೋಲು. ಮೊಮ್ಮಗಳಿಗೆ ಹೆರಿಗೆಯಾಗಿದೆ. ಬಾಣಂತಿ ಸಾಮಾನನ್ನು ಯಾರೋ ತಂದುಕೊಟ್ಟರೆ ಅವರಿಗೆ ಒಗ್ಗುವುದಿಲ್ಲ. ಬಜೆ, ಮಾಸಿಕಾಯಿ, ಜಾಯಿಕಾಯಿ, ಹಿಪ್ಪಲಿ, ಎಲ್ಲವನ್ನೂ ತಾವೇ ಮೂಸಿ, ತಾವೇ ಉಗುರಲ್ಲಿ ಕೆರೆದು ನೋಡಿ ಕೊಳ್ಳಬೇಕು. ಇಪ್ಪತ್ತು ವರ್ಷದ ಹಿಂದೆ ಇದೇ ಅಂಗಡಿಯಲ್ಲಿ ಕೊಳ್ಳುತ್ತಿದ್ದರಂತೆ. ‘ಈಗ ಅಲ್ಲಿ ಮೆಟ್ಟಿಲಿದೆಯೋ ಇಲ್ವೋ ನೋಡ್ಕೊಂಡು ಬಾ ಮಗಾ, ಆಮೇಲೆ ಹೇಳ್ತೀನಿ’ ಅಂದರು.

ಅವರು ಹಾಗೆ ಕೇಳುವುದಕ್ಕೆ ಕಾರಣವಿದೆ. ಎರಡು ವರ್ಷದ ಹಿಂದೆ ಬೇರೊಂದು ಊರಿನಲ್ಲಿ ಅವರನ್ನು ಮಂಡಿ ತೋರಿಸಲು ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿದ್ದೆ. ಹೊರಡುವ ಮುಂಚೆ ನಕ್ಷೆಯಲ್ಲಿ ಆ ಜಾಗ ತೆರೆದು ಫೋಟೊಗಳನ್ನೆಲ್ಲ ನೋಡಿದ್ದೆ. ಮೂವತ್ತಕ್ಕೂ ಹೆಚ್ಚು ಇದ್ದವು. ಉದ್ಘಾಟನೆಯ ದಿನದ ಹೂಗುಚ್ಛ, ಟೇಪು ಕತ್ತರಿಸುವ ಕೈಗಳು, ಸಿಹಿಯ ತಟ್ಟೆ, ಗೋಡೆಯ ಮೇಲಿನ ಪ್ರಮಾಣಪತ್ರ. ಕ್ಲಿನಿಕ್ಕು ಮೊದಲನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ, ಹತ್ತೊಂಬತ್ತು ಕಡಿದಾದ ಮೆಟ್ಟಿಲು ಹತ್ತಬೇಕು ಎಂಬುದು ಯಾವ ಫೋಟೊದಲ್ಲೂ ಇರಲಿಲ್ಲ. ದೊಡ್ಡಮ್ಮ ಕೆಳಗಿನ ಮೆಟ್ಟಿಲ ಮೇಲೆ ಕೂತು, ಕೋಲನ್ನು ಮಡಿಲಲ್ಲಿ ಇಟ್ಟುಕೊಂಡು, ‘ನೀನು ಹೋಗಿ ಚೀಟಿ ತೋರಿಸಿ ಬಾ, ಮಂಡೀನ ನಾನು ಇಲ್ಲೇ ಇಟ್ಕೊಂಡಿರ್ತೀನಿ’ ಅಂದರು. ಅವತ್ತಿನಿಂದ ನಾನು ಎಲ್ಲಿಗೆ ಹೋದರೂ ಮೊದಲು ಬಾಗಿಲ ಫೋಟೊ ತೆಗೆಯುತ್ತೇನೆ.

ಜಾಗದ ಫೋಟೊ ತೆಗೆಯುವವರೆಲ್ಲ ಜಾಗ ಎಷ್ಟು ಚೆನ್ನಾಗಿದೆ ಎಂದು ತೋರಿಸಲು ಹೊರಡುತ್ತಾರೆ. ನಕ್ಷೆಯಲ್ಲಿ ಅದನ್ನು ನೋಡುವವರು ಮಾತ್ರ ಇನ್ನೇನೋ ಕೇಳುತ್ತಿರುತ್ತಾರೆ: ಎಲ್ಲಿ ಇಳಿಯಬೇಕು, ಯಾವ ಕಡೆ ತಿರುಗಬೇಕು, ಬಾಗಿಲು ಯಾವುದು, ಒಳಗೆ ಹೋಗಲು ನನ್ನ ಕೈಲಾಗುತ್ತದೆಯೇ? ಈ ನಾಲ್ಕು ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆದರೆ ಕ್ಯಾಮೆರಾವನ್ನು ಎತ್ತಬೇಕಾದ ಜಾಗಗಳು ತಾವಾಗಿ ಗೊತ್ತಾಗುತ್ತವೆ.

ಮೊದಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಮೈಸೂರಿನಲ್ಲಿ ದಾರಿ ಹೇಳುವವರು ರಸ್ತೆಯ ಹೆಸರಿನಿಂದ ಶುರು ಮಾಡುವುದಿಲ್ಲ. ‘ಚಿಕ್ಕ ಗಡಿಯಾರದ ಹತ್ತಿರ ಇಳ್ಕೊಳಿ’ ಅನ್ನುತ್ತಾರೆ, ‘ದೊಡ್ಡ ಗಡಿಯಾರದಿಂದ ಮುಂದೆ ಬನ್ನಿ’ ಅನ್ನುತ್ತಾರೆ. ಚಿಕ್ಕ ಗಡಿಯಾರ 1886ರ ಕಾಲದ್ದು. ವೈಸರಾಯ್ ಡಫರಿನ್ ಹೆಸರಿನಲ್ಲಿ ಕಟ್ಟಿಸಿದ ಗೋಪುರ. ದಾಖಲೆಯ ಹೆಸರು ಅದೇ ಆದರೂ ಆಟೊದವರಿಗೆ ಡಫರಿನ್ ಎಂದರೆ ಯಾರೆಂದು ತಿಳಿಯದು. ಹೀಗಾಗಿ ನನ್ನ ಮೊದಲ ಫೋಟೊದಲ್ಲಿ ಗೋಪುರ ಪೂರ್ತಿ ಇರಬೇಕು, ಅದರ ಪಕ್ಕದಲ್ಲಿ ಮಾರುಕಟ್ಟೆಯ ಕಡೆಗೆ ಹೋಗುವ ದಾರಿಯೂ ಕಾಣಬೇಕು. ಬರೀ ಗೋಪುರ ತೆಗೆದರೆ ಅದು ಅಂಚೆ ಕಾರ್ಡಿನ ಚಿತ್ರವಾಗುತ್ತದೆ. ಬರೀ ದಾರಿ ತೆಗೆದರೆ ಅದು ಯಾವ ಊರಿನ ದಾರಿಯಾದರೂ ಆಗಬಹುದು. ಗುರುತಿನ ಕಟ್ಟಡ ಒಂದು, ತಿರುವು ಒಂದು, ಎರಡೂ ಒಂದೇ ಚೌಕಟ್ಟಿನಲ್ಲಿ ಇದ್ದಾಗಲೇ ದಾರಿ ಹೇಳಿದಂತಾಗುವುದು. ಅದಕ್ಕಾಗಿ ಹಿಂದಕ್ಕೆ ಸರಿಯಬೇಕಾಯಿತು. ಇಪ್ಪತ್ತೆರಡು ಹೆಜ್ಜೆ ಹಿಂದೆ ಹೋದ ಮೇಲೆ ಎರಡೂ ಹಿಡಿಸಿದವು.

ಇಲ್ಲಿ ಒಂದು ಮಾತು. ಈಗಿನ ಮೊಬೈಲುಗಳಲ್ಲಿ 0.5 ಎಂದು ಒತ್ತಿದರೆ ನಿಂತಲ್ಲೇ ಎಲ್ಲವೂ ಹಿಡಿಸುತ್ತದೆ. ಆದರೆ ಆ ಅಗಲ ಲೆನ್ಸು ಹತ್ತಿರದ್ದನ್ನು ಹಿಗ್ಗಿಸಿ, ದೂರದ್ದನ್ನು ಕುಗ್ಗಿಸುತ್ತದೆ. ಇಕ್ಕಟ್ಟಿನ ಓಣಿ ಅದರಲ್ಲಿ ಲಾರಿ ಹೋಗುವಷ್ಟು ಅಗಲವಾಗಿ ಕಾಣುತ್ತದೆ. ಗಾಲಿಕುರ್ಚಿಯಲ್ಲಿ ಬರುವವರು ಅದನ್ನು ನಂಬಿ ಬಂದರೆ? ಅದಕ್ಕೇ ನಾನು 1ರಲ್ಲೇ ಇಟ್ಟು, ಎದೆಯ ಎತ್ತರದಲ್ಲಿ ಹಿಡಿದು, ಅಡ್ಡಲಾಗಿ ತೆಗೆಯುತ್ತೇನೆ. ಮನುಷ್ಯರ ಕಣ್ಣಿಗೆ ದಾರಿ ಹೇಗೆ ಕಾಣುತ್ತದೋ ಸುಮಾರಾಗಿ ಹಾಗೇ ಬರುತ್ತದೆ.

ಚಿಕ್ಕ ಗಡಿಯಾರದಿಂದ ಸಯ್ಯಾಜಿರಾವ್ ರಸ್ತೆಗೆ ಬಂದೆ. ಬರೋಡಾದ ಮಹಾರಾಜರ ಹೆಸರಿನ ಈ ರಸ್ತೆ ಕೆ.ಆರ್. ವೃತ್ತದಿಂದ ಉತ್ತರಕ್ಕೆ ಹೋಗುತ್ತದೆ. ದಸರೆಯ ಜಂಬೂಸವಾರಿ ಬನ್ನಿಮಂಟಪಕ್ಕೆ ಸಾಗುವುದೂ ಇದೇ ದಾರಿಯಲ್ಲಿ. ದೇವರಾಜ ಮಾರುಕಟ್ಟೆ ಇದರ ಪಶ್ಚಿಮಕ್ಕಿದೆ. ಅಂದರೆ ರಸ್ತೆಯ ಕಡೆಯ ಮುಖ ಪೂರ್ವಕ್ಕೆ. ಬೆಳಗಿನ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ. ಸಂಜೆ ಬಂದರೆ ಸೂರ್ಯ ಕಟ್ಟಡದ ಬೆನ್ನಿಗೆ ಇರುತ್ತಾನೆ, ಅಂಗಡಿಗಳ ಮುಖವೆಲ್ಲ ಕಪ್ಪು. ನಕ್ಷೆಗಳಲ್ಲಿ ಹೆಸರೇ ಓದಲಾಗದ ಎಷ್ಟೋ ಫೋಟೊಗಳಿಗೆ ಕ್ಯಾಮೆರಾ ಕಾರಣವಲ್ಲ, ತೆಗೆದ ಹೊತ್ತು ಕಾರಣ. ಪೂರ್ವಮುಖದ ಬಾಗಿಲಿಗೆ ಬೆಳಗ್ಗೆ, ಪಶ್ಚಿಮಮುಖದ್ದಕ್ಕೆ ಸಂಜೆ. ಮನೆ ಕಟ್ಟುವಾಗ ದಿಕ್ಕು ನೋಡುವ ನಮಗೆ ಇದೇನೂ ಕಷ್ಟದ ಲೆಕ್ಕವಲ್ಲ. ಎದುರು ಸಾಲಿನ ಕಟ್ಟಡಗಳ ನೆರಳು ಸರಿಯುವವರೆಗೆ ಕಾದೆ. ಎಂಟರ ಹೊತ್ತಿಗೆ ಬಿಸಿಲು ಮಳಿಗೆಗಳ ಬೋರ್ಡಿಗೆ ಬಂತು.

ಮೂರು ಫೋಟೊ ತೆಗೆದೆ. ಒಂದು ರಸ್ತೆಯಾಚೆ ನಿಂತು, ಅಕ್ಕಪಕ್ಕದ ಅಂಗಡಿಗಳೂ ಸೇರಿದಂತೆ. ಇನ್ನೊಂದು ಫುಟ್‌ಪಾತಿನ ಮೇಲೆ ನಿಂತು, ಒಳದಾರಿ ಪೂರ್ತಿ ಕಾಣುವಂತೆ. ಮೂರನೆಯದು ಬಾಗಿಲಲ್ಲೇ ನಿಂತು, ನೆಲ ಕಾಣುವ ಹಾಗೆ ಸ್ವಲ್ಪ ಬಾಗಿಸಿ. ದೂರದ್ದು ಆಟೊದಲ್ಲಿ ಬರುವವರಿಗೆ, ನಡುವಿನದ್ದು ಇಳಿದವರಿಗೆ, ಹತ್ತಿರದ್ದು ಕಾಲಿಡುವವರಿಗೆ. ನಮ್ಮಲ್ಲಿ ನೆಲದ ಫೋಟೊ ತೆಗೆಯುವವರು ಅಪರೂಪ. ಕಲ್ಲುಚಪ್ಪಡಿ ಎದ್ದಿದೆಯೇ, ಚರಂಡಿಯ ಮುಚ್ಚಳ ಬಾಯ್ತೆರೆದಿದೆಯೇ, ಹೂವಿನ ಬುಟ್ಟಿಯಿಂದ ಸೋರಿದ ನೀರು ನಿಂತಿದೆಯೇ, ಇದೆಲ್ಲ ಕೋಲೂರಿ ಬರುವವರಿಗೆ ಬೇಕಾದ ಸುದ್ದಿ.

ಹಳೆಯ ಫೋಟೊ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಈ ಮಾರುಕಟ್ಟೆಯೇ ಸಾಕ್ಷಿ. ಧನ್ವಂತರಿ ರಸ್ತೆಯ ಕಡೆಯ ಉತ್ತರ ದ್ವಾರದ ಭಾಗ 2016ರ ಆಗಸ್ಟ್‌ನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ, ಕುಸಿಯಿತು. ಅದಕ್ಕೂ ಮುಂಚೆ ಇಲ್ಲೇ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳೇ ಹೋದವು. 2015ರಲ್ಲಿ ಉತ್ತರ ದ್ವಾರದ ಕಮಾನನ್ನು ಯಾರೋ ಅಚ್ಚುಕಟ್ಟಾಗಿ ತೆಗೆದು ಏರಿಸಿದ್ದಾರೆ ಎಂದಿಟ್ಟುಕೊಳ್ಳಿ. ಅವರದೇನೂ ತಪ್ಪಿಲ್ಲ, ಅವತ್ತಿಗೆ ಅದು ಸತ್ಯ. ಹೊಸ ಫೋಟೊ ಯಾರೂ ಹಾಕದೇ ಹೋದರೆ ಅದೇ ಮುಂದೆ ಕೂತಿರುತ್ತದೆ, ಆ ಕಮಾನು ಹುಡುಕಿಕೊಂಡು ಒಬ್ಬರು ಬರುತ್ತಾರೆ. ಆದ್ದರಿಂದ ಫೋಟೊಗಳು ತುಂಬಿರುವ ಜಾಗಕ್ಕೆ ನಮ್ಮದೂ ಯಾಕೆ ಎಂದು ಸುಮ್ಮನಿರಬಾರದು. ಈ ವರ್ಷದ ಬಾಗಿಲು ಹೇಗಿದೆ ಎಂಬುದು ಪ್ರತಿ ವರ್ಷವೂ ಹೊಸ ಸುದ್ದಿಯೇ. ಇನ್ನೊಂದು ಕಡೆ, ದಸರಾ ದಿನಗಳಲ್ಲಿ ತೆಗೆದ ಫೋಟೊದಲ್ಲಿ ಈ ರಸ್ತೆ ಬೇರೆಯೇ ಲೋಕ. ದೀಪದ ಸರ, ಬ್ಯಾರಿಕೇಡು, ಜನಸಾಗರ. ಅದನ್ನೂ ಹಾಕಬೇಕು, ಆದರೆ ಮಾಮೂಲಿ ಮಂಗಳವಾರದ ಬೆಳಗಿನ ಫೋಟೊ ಜೊತೆಯಲ್ಲಿ ಇರಬೇಕು. ವರ್ಷದಲ್ಲಿ ಹೆಚ್ಚು ದಿನ ಊರು ಇರುವುದು ಹಾಗೆ ತಾನೇ.

ಒಳಗೆ ಹೊಕ್ಕೆ. ಮಾರುಕಟ್ಟೆಯ ಒಳಗೆ ಬೆಳಕಿನ ಕಥೆಯೇ ಬೇರೆ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಟಾರ್ಪಾಲಿನ ಕೆಳಗೆ ಮಬ್ಬು. ಕ್ಯಾಮೆರಾ ಎರಡನ್ನೂ ಒಟ್ಟಿಗೆ ತಡೆಯದು. ತೆರೆಯ ಮೇಲೆ ಕತ್ತಲಿರುವ ಕಡೆ ಬೆರಳಿಟ್ಟರೆ ಬಾಗಿಲಾಚೆ ಬೆಳ್ಳಗಾಗುತ್ತದೆ, ಬೆಳಕಿನ ಕಡೆ ಬೆರಳಿಟ್ಟರೆ ಅಂಗಡಿಗಳು ಮಾಯ. ಹತ್ತು ಹೆಜ್ಜೆ ಒಳಗೆ ಹೋಗಿ, ಬಾಗಿಲಿಗೆ ಬೆನ್ನು ಮಾಡಿ ನಿಂತು ತೆಗೆದರೆ ಓಣಿ ಸಮನಾಗಿ ಬರುತ್ತದೆ.

ಎಡಕ್ಕೆ ಕುಂಕುಮದ ರಾಶಿ. ಕೆಂಪು, ಹಳದಿ, ನೀಲಿ, ನೇರಳೆ ಬಣ್ಣದ ಗೋಪುರಗಳು. ದೇವರಾಜ ಮಾರುಕಟ್ಟೆ ಎಂದು ಹುಡುಕಿದರೆ ಮೊದಲು ಸಿಗುವ ಚಿತ್ರ ಇದೇ, ಮತ್ತೆ ಮತ್ತೆ ಸಿಗುವುದೂ ಇದೇ. ನನಗೆ ಆ ಬಣ್ಣಗಳ ಮೇಲೆ ಪ್ರೀತಿ ಇದೆ, ಯಾರಿಗೆ ಇರುವುದಿಲ್ಲ! ಆದರೆ ಆ ರಾಶಿ ಯಾವ ಸಾಲಿನಲ್ಲಿದೆ, ಯಾವ ಬಾಗಿಲಿಂದ ಹತ್ತಿರ ಎಂಬುದು ಆ ಚಿತ್ರಗಳಲ್ಲಿ ಇಲ್ಲ. ಅಂಗಡಿಯವರನ್ನು ಕೇಳಿ, ನಾಲ್ಕು ಹೆಜ್ಜೆ ಹಿಂದೆ ಸರಿದು, ರಾಶಿಯ ಜೊತೆಗೆ ಸಾಲು ಕೂಡಿಕೊಳ್ಳುವ ಮೂಲೆ, ಮೇಲಿನ ಮಳಿಗೆ ಸಂಖ್ಯೆ, ಆಚೆ ಕಾಣುವ ಬಾಳೆಗೊನೆಯ ಸಾಲು, ಎಲ್ಲ ಬರುವಂತೆ ತೆಗೆದೆ. ಬಣ್ಣ ಸ್ವಲ್ಪ ಚಿಕ್ಕದಾಯಿತು. ದಾರಿ ಸಿಕ್ಕಿತು.

ಮಲ್ಲಿಗೆ ಸಾಲಿನಲ್ಲಿ ಹೂ ಕಟ್ಟುತ್ತಿದ್ದ ಹೆಂಗಸೊಬ್ಬರು ನನ್ನ ಮೊಬೈಲು ಕಂಡು ಸೆರಗನ್ನು ಮುಖಕ್ಕೆ ಅಡ್ಡ ಹಿಡಿದರು. ನಾನು ಮೊಬೈಲು ಇಳಿಸಿದೆ.

‘ಅಕ್ಕಾ, ನಿಮ್ದಲ್ಲ. ಈ ಸಾಲು ಎಲ್ಲಿದೆ ಅಂತ ಜನಕ್ಕೆ ಗೊತ್ತಾಗ್ಲಿ ಅಂತ.’

‘ಎಲ್ರೂ ಹಂಗೇ ಅಂತಾರೆ ಕಣಣ್ಣ. ಆಮೇಲೆ ನಮ್ಮ ಮುಖ ಎಲ್ಲೆಲ್ಲೋ ಬತ್ತದೆ. ಹೂವಾ ಬೇಕಾದ್ರೆ ತಕ್ಕೊ.’

ಅವರ ಮಾತು ನ್ಯಾಯವಾದದ್ದು. ನಕ್ಷೆಗೆ ಬೇಕಿರುವುದು ಜಾಗ. ಬೆಳಗಿನಿಂದ ಬಗ್ಗಿ ಕೂತು ಮೊಳ ಹಾಕುವವರ ಮುಖ ಅದಕ್ಕೆ ಬೇಕಿಲ್ಲ. ಅವರ ಹಿಂದೆ ಹೋಗಿ ನಿಂತು, ಬುಟ್ಟಿಗಳೂ ಓಣಿಯೂ ಮಾತ್ರ ಕಾಣುವಂತೆ ತೆಗೆದು, ಅವರಿಗೆ ತೋರಿಸಿದೆ. ‘ನನ್ ಬುಟ್ಟಿ ಚೆನ್ನಾಗ್ ಬಂದೈತೆ’ ಅಂದರು. ಎರಡು ಮೊಳ ಮಲ್ಲಿಗೆ ಕೊಂಡೆ. ಗಿರಾಕಿಗಳ ಮುಖ, ಮಕ್ಕಳು, ವಾಹನದ ನಂಬರು ಚೌಕಟ್ಟಿಗೆ ಬಾರದ ಹಾಗೆ ಕಾಯುವುದು ಈ ಕೆಲಸದ ಬಹುಪಾಲು. ಬೀದಿಯ ಚಿತ್ರಗಳನ್ನು ಕೂಡಿಡುವ ಮ್ಯಾಪಿಲರಿಯಂಥ ತಾಣ ಮುಖಗಳನ್ನೂ ನಂಬರ್ ಪ್ಲೇಟುಗಳನ್ನೂ ತಾನೇ ಮಸುಕು ಮಾಡುತ್ತದೆ. ನಾವು ಒಂದು ಅಂಗಡಿಗೆಂದು ಏರಿಸುವ ಬಿಡಿ ಫೋಟೊದಲ್ಲಿ ಆ ಎಚ್ಚರಿಕೆ ನಮ್ಮದೇ. ಇನ್ನು ಆಸ್ಪತ್ರೆಯೊಳಗೆ, ಅಲ್ಲಿನ ಸಾಲಿನಲ್ಲಿ ನಿಂತವರ ಮೇಲೆ, ನಾನು ಕ್ಯಾಮೆರಾ ಎತ್ತುವುದೇ ಇಲ್ಲ. ಸಮೀಪದಲ್ಲೇ ಇರುವ ದೊಡ್ಡಾಸ್ಪತ್ರೆಗೆ, ಅಂದರೆ ಕೆ.ಆರ್. ಆಸ್ಪತ್ರೆಗೆ, ಸುತ್ತಲ ಜಿಲ್ಲೆಗಳಿಂದ ದಿನವೂ ಜನ ಬರುತ್ತಾರೆ. ಅವರಿಗೆ ಬೇಕಾದ್ದು ಯಾವ ಗೇಟು ಯಾವುದಕ್ಕೆ ಎಂಬ ಫಲಕದ ಫೋಟೊ. ಅದನ್ನು ಗೇಟಿನ ಹೊರಗೆ, ರಸ್ತೆಯಲ್ಲಿ ನಿಂತೇ ತೆಗೆಯಬಹುದು.

ಹೂವಿನ ಸಾಲು ದಾಟಿ ವೀಳ್ಯದೆಲೆಯ ಕಡೆ ತಿರುಗುವಾಗ ಮೊಬೈಲಿನ ನಕ್ಷೆ ತೆರೆದು ನೋಡಿದೆ. ನೀಲಿ ಚುಕ್ಕೆ ನಾನಿರುವಲ್ಲಿ ಇರಲಿಲ್ಲ, ರಸ್ತೆಯ ನಡುವೆ ಅಲೆಯುತ್ತಿತ್ತು. ಬಯಲಲ್ಲಿ ನಾಲ್ಕೈದು ಮೀಟರಿನೊಳಗೆ ಜಾಗ ಹೇಳುವ ಜಿಪಿಎಸ್, ಚಾವಣಿಯ ಕೆಳಗೆ, ಗೋಡೆಗಳ ನಡುವೆ ತಡವರಿಸುತ್ತದೆ. ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ದಶಮಾಂಶದ ಐದನೇ ಅಂಕಿಗೆ ಬಂದರೆ ಒಂದು ಮೀಟರ್ ಚಿಲ್ಲರೆ. ಮೂರನೇ ಅಂಕಿಯಲ್ಲಿ ಒಂದು ಹೆಚ್ಚು ಕಡಿಮೆಯಾದರೆ ನೂರು ಮೀಟರಿಗೂ ಮೇಲೆ, ಅಂದರೆ ಇನ್ನೊಂದು ಬೀದಿ. ಫೋಟೊದ ಜೊತೆಗೆ ಈ ಅಂಕಿಗಳೂ ಕಡತದಲ್ಲಿ ಕೂರುತ್ತವೆ. ಮಾರುಕಟ್ಟೆಯೊಳಗೆ ಅವುಗಳನ್ನು ಪೂರ್ತಿ ನೆಚ್ಚುವ ಹಾಗಿಲ್ಲ. ಇಂಥ ಕಡೆ ಬರುವವರನ್ನು ಕೈಹಿಡಿದು ನಡೆಸುವುದು ಕಣ್ಣಿಗೆ ಕಾಣುವ ಗುರುತುಗಳೇ. ನೀರಿನ ತೊಟ್ಟಿ, ತಿರುವಿನ ಮಳಿಗೆ, ತೆಂಗಿನಕಾಯಿ ರಾಶಿ. ತಿರುವು ಬಂದಲ್ಲೆಲ್ಲ ಒಂದು ಫೋಟೊ ತೆಗೆದೆ. ಪ್ರತಿ ತಿರುವಿನಲ್ಲೂ ಹಿಂದಿರುಗಿ ನೋಡಿ ಇನ್ನೊಂದು. ಬಂದ ದಾರಿಯಲ್ಲಿ ವಾಪಸು ಹೋಗುವಾಗ ಎಲ್ಲವೂ ತಿರುಗುಮುರುಗಾಗಿ ಕಾಣುತ್ತದೆ, ಮಾರುಕಟ್ಟೆಯಲ್ಲಿ ಜನ ತಪ್ಪಿಸಿಕೊಳ್ಳುವುದು ಹೆಚ್ಚಾಗಿ ಆಗಲೇ.

ಇಷ್ಟೆಲ್ಲ ಜನರೇ ಮಾಡಬೇಕೇ, ಬೀದಿಯ ಚಿತ್ರ ತೆಗೆಯಲು ಕಂಪನಿಗಳ ಕಾರುಗಳು ಬರುತ್ತವಲ್ಲ ಎಂದು ಕೇಳುವವರಿದ್ದಾರೆ. 2011ರಲ್ಲಿ ಗೂಗಲ್ ಸ್ಟ್ರೀಟ್ ವ್ಯೂ ಕಾರುಗಳು ಬೆಂಗಳೂರಿನಲ್ಲಿ ಓಡಾಟ ಶುರು ಮಾಡಿದ ಕೆಲವೇ ವಾರಗಳಲ್ಲಿ ಪೊಲೀಸರು ನಿಲ್ಲಿಸಿದರು. 2016ರಲ್ಲಿ ಕೇಂದ್ರ ಸರ್ಕಾರವೂ ಭದ್ರತೆಯ ಕಾರಣಕ್ಕೆ ಒಪ್ಪಲಿಲ್ಲ. 2021ರಲ್ಲಿ ನಕ್ಷೆ ತಯಾರಿಕೆಯ ನಿಯಮಗಳು ಸಡಿಲವಾದ ಮೇಲೆ, 2022ರ ಜುಲೈನಲ್ಲಿ ಟೆಕ್ ಮಹೀಂದ್ರಾ ಮತ್ತು ಜೆನೆಸಿಸ್ ಕಂಪನಿಗಳು ತೆಗೆದ ಚಿತ್ರಗಳೊಂದಿಗೆ ಹತ್ತು ನಗರಗಳಲ್ಲಿ ಸ್ಟ್ರೀಟ್ ವ್ಯೂ ಮತ್ತೆ ಬಂತು. ಕರ್ನಾಟಕದಿಂದ ಆ ಹತ್ತರಲ್ಲಿ ಇದ್ದದ್ದು ಬೆಂಗಳೂರು ಒಂದೇ. ಕಾರು ಎಷ್ಟೇ ಊರಿಗೆ ಬರಲಿ, ಮಲ್ಲಿಗೆ ಸಾಲಿನೊಳಗೆ ಬರಲಾರದು. ಅಲ್ಲಿಗೆ ನಡೆದು ಹೋಗುವವರೇ ಬೇಕು. ಗೂಗಲ್ ಮ್ಯಾಪ್ಸಿನ ಲೋಕಲ್ ಗೈಡ್ಸ್ ಯೋಜನೆಯಲ್ಲಿ ಒಂದು ಫೋಟೊಗೆ ಐದು ಅಂಕ ಕೊಡುತ್ತಾರೆ. ಅಂಕಕ್ಕಾಗಿ ಒಂದೇ ದೋಸೆಯ ಹದಿನೈದು ಫೋಟೊ ಹಾಕುವವರನ್ನು ಕಂಡು ಬೇಸರಪಟ್ಟಿದ್ದೇನೆ. ಆದರೆ ಅದೇ ಯೋಜನೆಯಲ್ಲಿ ಬಸ್ ನಿಲ್ದಾಣದ ಶೌಚಾಲಯ ಯಾವ ಮೂಲೆಯಲ್ಲಿದೆ ಎಂದು ಫೋಟೊ ಹಾಕಿದ ಯಾರೋ ಒಬ್ಬರಿಗೆ ನಾನು ಇಂದಿಗೂ ಋಣಿ.

ಗೂಗಲ್ ಒಂದೇ ನಕ್ಷೆಯಲ್ಲ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಶುರು ಮಾಡಿದ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. ಯಾರು ಬೇಕಾದರೂ ತಿದ್ದಬಹುದಾದ, ಯಾರು ಬೇಕಾದರೂ ಬಳಸಬಹುದಾದ ನಕ್ಷೆ. ಅದರಲ್ಲಿ ಫೋಟೊ ತೋರಿಸುವುದಕ್ಕಿಂತ, ಫೋಟೊ ನೋಡಿ ವಿವರ ತುಂಬುವುದು ಮುಖ್ಯ: ಬಾಗಿಲು ಎಲ್ಲಿದೆ, ಮೆಟ್ಟಿಲೆಷ್ಟು, ಗಾಲಿಕುರ್ಚಿ ಹೋಗುತ್ತದೆಯೇ, ಅಂಗಡಿಯ ಹೆಸರು ಕನ್ನಡದಲ್ಲಿ ಹೇಗೆ. ಸ್ವೀಡನ್ನಿನಲ್ಲಿ 2013ರಲ್ಲಿ ಹುಟ್ಟಿ, 2020ರಲ್ಲಿ ಫೇಸ್‌ಬುಕ್ ಕೈ ಸೇರಿದ ಮ್ಯಾಪಿಲರಿಗೆ ಬೀದಿಯುದ್ದಕ್ಕೂ ತೆಗೆದ ಚಿತ್ರಗಳನ್ನು ಏರಿಸಿದರೆ, ಎಲ್ಲೋ ಕೂತ ಇನ್ನೊಬ್ಬ ಸ್ವಯಂಸೇವಕ ಅದನ್ನು ನೋಡಿ ಈ ವಿವರಗಳನ್ನು ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ತುಂಬಬಹುದು.

ಕನ್ನಡದ ಹೆಸರು ಎಂದೆ. ಈ ಒಂದು ವಿಷಯದಲ್ಲಿ ನನಗೆ ಹಟವೇ ಇದೆ. ನಕ್ಷೆಯನ್ನು ಕನ್ನಡಕ್ಕೆ ತಿರುಗಿಸಿದರೆ ಕಾಣುವ ಹೆಸರುಗಳಲ್ಲಿ ಎಷ್ಟೋ ಇಂಗ್ಲಿಷ್ ಕಾಗುಣಿತದಿಂದ ಯಂತ್ರ ಓದಿ ಬರೆದವು. ಇಂಗ್ಲಿಷಿನಲ್ಲಿ ಳ ಇಲ್ಲ, ಣ ಇಲ್ಲ, ದೀರ್ಘ ಯಾವುದು ಹ್ರಸ್ವ ಯಾವುದು ಗೊತ್ತಾಗುವುದಿಲ್ಲ. ಹೀಗಾಗಿ ಹಳ್ಳಿ ‘ಹಲ್ಲಿ’ಯಾಗುತ್ತದೆ, ಕೊಳ ‘ಕೋಲಾ’ ಆಗುತ್ತದೆ. ಇದನ್ನು ತಿದ್ದಲು ಹೊರಟರೆ ಆಧಾರ ಬೇಕು, ಅಂಗಡಿಯ ಮೇಲಿನ ಕನ್ನಡ ಬೋರ್ಡಿಗಿಂತ ದೊಡ್ಡ ಆಧಾರ ಇನ್ನೇನಿದೆ? ಬೋರ್ಡಿಗೆ ನೇರ ಎದುರು ನಿಂತು, ನಾಲ್ಕು ಮೂಲೆಯೂ ಒಳಗೆ ಬರುವಂತೆ, ಕನ್ನಡದ ಸಾಲು ಕತ್ತರಿಸದಂತೆ ತೆಗೆದರೆ ಸಾಕು. ಇಲ್ಲಿಂದ ಸ್ವಲ್ಪವೇ ದೂರದ ದೊಡ್ಡ ಗಡಿಯಾರದ ಮುಖದಲ್ಲಿ ಗಂಟೆಗಳನ್ನು ಕನ್ನಡ ಅಂಕಿಗಳಲ್ಲಿ ಬರೆದಿದ್ದಾರೆ. ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆಂದು 1927ರಲ್ಲಿ ಕಟ್ಟಿದ ಗೋಪುರ. ಊರಿನ ಸಮಯವನ್ನೇ ಕನ್ನಡದಲ್ಲಿ ತೋರಿಸಿದ ಕಡೆ ಅಂಗಡಿಯ ಹೆಸರನ್ನಾದರೂ ಸರಿಯಾಗಿ ಬರೆದಿಡೋಣ ಎನ್ನಿಸುತ್ತದೆ.

ಎಲ್‌ಇಡಿ ಬೋರ್ಡುಗಳದ್ದು ಬೇರೆ ಪಾಡು. ಓಡುವ ಅಕ್ಷರದ ಒಂದು ಬೋರ್ಡನ್ನು ಮೂರು ಸಲ ತೆಗೆದೆ. ಮೂರರಲ್ಲೂ ಅಕ್ಷರದ ಅರ್ಧ ಇಲ್ಲ. ಆ ದೀಪಗಳು ನಮ್ಮ ಕಣ್ಣಿಗೆ ತಿಳಿಯದಷ್ಟು ವೇಗವಾಗಿ ಹತ್ತಿ ಆರುತ್ತಿರುತ್ತವೆ, ಕ್ಯಾಮೆರಾ ಆರಿದ ಕ್ಷಣವನ್ನೂ ಹಿಡಿದುಬಿಡುತ್ತದೆ. ಸಾಲಾಗಿ ಏಳೆಂಟು ತೆಗೆದಾಗ ಒಂದರಲ್ಲಿ ಪೂರ್ತಿ ಸಿಕ್ಕಿತು. ಅದರ ಕೆಳಗೆ ರಟ್ಟಿನ ಮೇಲೆ ಸ್ಕೆಚ್‌ಪೆನ್ನಿನಲ್ಲಿ ಬರೆದ ‘ಊಟದ ಸಮಯ 2ರಿಂದ 4’ ಎಂಬ ಚೀಟಿ ನೇತಾಡುತ್ತಿತ್ತು. ಬೋರ್ಡಿಗಿಂತ ಹೆಚ್ಚು ಉಪಯೋಗದ ಫೋಟೊ ಅದೇ ಆಯಿತು.

ಆಚೆ ಬದಿಯ ಓಣಿಗೆ ಬಂದೆ. ಗ್ರಂಧಿಗೆ ಅಂಗಡಿ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಸಿಕ್ಕಿತು. ಲಾವಂಚ, ಸಾಂಬ್ರಾಣಿ, ಒಣಶುಂಠಿ, ಎಲ್ಲ ಸೇರಿದ ಒಂದು ಹಳೆಯ ವಾಸನೆ. ಫೋಟೊದಲ್ಲಿ ಬಾರದ ಗುರುತು ಎಂದರೆ ಇದೊಂದೇ. ಅಂಗಡಿಯವರಿಗೆ ವಿಷಯ ಹೇಳಿದೆ. ‘ತೆಗೀರಿ ಸ್ವಾಮಿ, ನಮ್ಮ ಅಂಗಡಿ ನಕ್ಷೇಲಿ ಆ ಕಡೆ ಬೀದೀಲಿ ತೋರಿಸ್ತದೆ. ಜನ ಫೋನ್ ಮಾಡಿ ಅಲ್ಲಿ ನಿಂತ್ಕೊಂಡು ಬೈತಾರೆ’ ಅಂದರು. ಅಂಗಡಿಯ ಗುರುತು ಒಂದು ಬೀದಿ ಆಚೆ ಕೂತಿತ್ತು. ಬಾಗಿಲ ಫೋಟೊ ಎಷ್ಟೇ ಚೆನ್ನಾಗಿರಲಿ, ಗುರುತು ತಪ್ಪು ಜಾಗದಲ್ಲಿದ್ದರೆ ಬಂದವರು ಬೇರೆ ಬಾಗಿಲ ಮುಂದೆ ನಿಲ್ಲುತ್ತಾರೆ. ಅಲ್ಲೇ ನಿಂತು, ತೆರೆದ ಆಕಾಶ ಕಾಣುವಲ್ಲಿ ನೀಲಿ ಚುಕ್ಕೆ ಸ್ಥಿರವಾಗುವವರೆಗೆ ಕಾದು, ಗುರುತು ಸರಿಸಲು ಸೂಚನೆ ಕಳಿಸಿದೆ.

ಇಲ್ಲಿ ಮೆಟ್ಟಿಲು ಎರಡು, ಸವೆದ ಕಲ್ಲಿನವು. ಎರಡೂ ಒಂದೇ ಎತ್ತರವಲ್ಲ. ಮೆಟ್ಟಿಲಿನ ಫೋಟೊವನ್ನು ಎದುರಿನಿಂದ ತೆಗೆದರೆ ಎತ್ತರ ಗೊತ್ತಾಗುವುದಿಲ್ಲ, ಗೆರೆ ಎಳೆದ ಹಾಗೆ ಚಪ್ಪಟೆಯಾಗಿ ಬರುತ್ತದೆ. ಪಕ್ಕಕ್ಕೆ ಹೋಗಿ, ಕುಕ್ಕರುಗಾಲಲ್ಲಿ ಕೂತು ಓರೆಯಾಗಿ ತೆಗೆಯಬೇಕು. ಅಳತೆಗೆ ಪಕ್ಕದಲ್ಲಿ ಎಲ್ಲರಿಗೂ ಗೊತ್ತಿರುವ ಒಂದು ವಸ್ತು ಇಡಬೇಕು. ನಾನು ಒಂದು ಲೀಟರಿನ ನೀರಿನ ಬಾಟಲಿ ಇಟ್ಟೆ. ಕೆಳಗಿನ ಮೆಟ್ಟಿಲು ಬಾಟಲಿಯ ಅರ್ಧದಷ್ಟು. ಮೇಲಿನದು ಅರ್ಧಕ್ಕಿಂತ ಮೂರು ಬೆರಳು ಹೆಚ್ಚು. ಆ ಮೂರು ಬೆರಳೇ ದೊಡ್ಡಮ್ಮನ ಮಂಡಿಗೆ ಲೆಕ್ಕ.

ಒಳಗೆ ಗಲ್ಲಾಪೆಟ್ಟಿಗೆ, ಅದರ ಹಿಂದೆ ಸಾಲು ಸಾಲು ಡಬ್ಬ, ಡಬ್ಬದ ಮೇಲೆ ಅಂಟಿಸಿದ ಕನ್ನಡದ ಚೀಟಿಗಳು. ಕೂರಲು ಒಂದು ಸ್ಟೂಲು ಇದೆ. ಸ್ಟೂಲಿನ ಫೋಟೊವನ್ನೂ ತೆಗೆದೆ.

ಟೌನ್‌ಹಾಲ್ ಹತ್ತಿರ ಬಂದು ನೆರಳಲ್ಲಿ ಕೂತು ಲೆಕ್ಕ ಮಾಡಿದರೆ ಅರವತ್ತಮೂರು ಫೋಟೊ. ಅಲುಗಾಡಿದ್ದು, ಬೆರಳು ಅಡ್ಡ ಬಂದದ್ದು, ಒಬ್ಬ ಹುಡುಗನ ಮುಖ ಪೂರ್ತಿ ಸಿಕ್ಕಿದ್ದು, ಒಂದೇ ಬಾಗಿಲು ನಾಲ್ಕು ಸಲ ಬಂದದ್ದು, ಎಲ್ಲ ತೆಗೆದು ಹಾಕಿದ ಮೇಲೆ ಉಳಿದವು ಹದಿನಾಲ್ಕು. ಬಣ್ಣ ಏರಿಸಲಿಲ್ಲ, ಮೇಲೆ ಹೆಸರು ಬರೆಯಲಿಲ್ಲ, ಬಾಣದ ಗುರುತು ಹಾಕಲಿಲ್ಲ. ಚಿಕ್ಕ ಗಡಿಯಾರದ್ದು ಚಿಕ್ಕ ಗಡಿಯಾರಕ್ಕೆ, ಮಾರುಕಟ್ಟೆಯದ್ದು ಮಾರುಕಟ್ಟೆಗೆ, ಅಂಗಡಿಯದ್ದು ಅಂಗಡಿಗೆ ಸೇರಿಸಿದೆ. ಎಲ್ಲವನ್ನೂ ಒಂದೇ ಜಾಗಕ್ಕೆ ಸುರಿದುಬಿಟ್ಟರೆ ಅರ್ಧ ಕೆಲಸ ವ್ಯರ್ಥ. ಅದೇ ಹದಿನಾಲ್ಕನ್ನು ದೊಡ್ಡಮ್ಮನ ವಾಟ್ಸಾಪಿಗೂ, ನಡೆಯುವ ಕ್ರಮದಲ್ಲೇ, ಒಂದೊಂದಾಗಿ ಕಳಿಸಿದೆ.

ಹತ್ತು ನಿಮಿಷದಲ್ಲಿ ಫೋನ್ ಬಂತು.

‘ಎಲ್ಲ ನೋಡಿದೆ ಮಗಾ. ಆ ತಿರುವಲ್ಲಿ ಮುಂಚೆ ಬೆಲ್ಲದ ಮಂಡಿ ಇತ್ತು. ಇರ್ಲಿ. ಮೆಟ್ಟಿಲು ಎರಡೇ ಅಲ್ವಾ?’

‘ಎರಡೇ ದೊಡ್ಡಮ್ಮ. ಮೇಲಿಂದು ಸ್ವಲ್ಪ ಎತ್ತರ.’

‘ಅದು ಕಾಣ್ತು, ಬಾಟ್ಲಿ ಇಟ್ಟಿದ್ದೀಯಲ್ಲ. ಬಲಗೈಲಿ ಕೋಲು ಇರ್ತದೆ. ಎಡಗೈಲಿ ಏನು ಹಿಡ್ಕೊಂಡು ಹತ್ತಲಿ?’

ಫೋಟೊ ತೆರೆದು ನೋಡಿದೆ. ಮೆಟ್ಟಿಲು ಇದೆ, ಬಾಟಲಿ ಇದೆ. ಎಡಕ್ಕೆ ಚೌಕಟ್ಟು ಅಲ್ಲಿಗೇ ಮುಗಿದಿದೆ.

ಎದ್ದು ಮತ್ತೆ ಅಂಗಡಿಗೆ ನಡೆದೆ. ಮೆಟ್ಟಿಲಿನ ಎಡಬದಿಗೆ, ಮುಂದಿನ ತಗಡಿನ ಮಾಡಿಗೆ ಆಸರೆಯಾಗಿ ಒಂದು ಕಬ್ಬಿಣದ ಕಂಬ ನೆಟ್ಟಿದ್ದರು. ಬೆಳಗ್ಗೆ ಅದರ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದೆ. ಅಂಗಡಿಯವರು ಹೊರಗೆ ಬಂದು ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿ ತೋರಿಸಿದರು. ‘ಗಟ್ಟಿಯಾಗಿದೆ ಸ್ವಾಮಿ, ಅಮ್ಮಾವ್ರಿಗೆ ಹೇಳಿ’ ಅಂದರು. ಕಂಬ, ಎರಡು ಮೆಟ್ಟಿಲು, ಕಂಬದ ಮೇಲೆ ಅವರ ಕೈ, ಇಷ್ಟು ಮಾತ್ರ ಬರುವಂತೆ ಹದಿನೈದನೆಯದನ್ನು ತೆಗೆದು ಕಳಿಸಿದೆ.

‘ಶುಕ್ರವಾರ ಬೆಳಗ್ಗೆ ಬರ್ತೀನಿ. ಚೀಲ ನೀನು ಹಿಡ್ಕೊ’ ಎಂದು ಉತ್ತರ ಬಂತು.